ಯಂತ್ರದ ಕನ್ನಡ, ಊರ ಕನ್ನಡ: ಕೃತಕ ಬರಹವನ್ನು ಗುರುತಿಸುವ ಸಾಧನಗಳ ಪ್ರಾಮಾಣ್ಯ ವಿಚಾರ

ಉಪಭಾಷೆಯ ಅಧ್ಯಯನ ಮಾಡುವವರಿಗೆ 'ಈ ಮಾತು ಯಾರ ಬಾಯಿಂದ ಬಂತು?' ಎಂಬುದು ಮೊದಲ ಪ್ರಶ್ನೆ. ಮಾತಿನ ಹಿಂದೆ ಒಬ್ಬ ಮನುಷ್ಯ, ಅವನ ಊರು, ಅವನ ಕೇರಿ, ಅವನ ವಯಸ್ಸು ಇವೆ ಎಂಬ ನಂಬಿಕೆಯ ಮೇಲೆಯೇ ನಮ್ಮ ಶಾಸ್ತ್ರವೆಲ್ಲ ನಿಂತಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಬರೆಯುವ ಯಂತ್ರ ಸಾರ್ವಜನಿಕರ ಕೈಗೆ ಬಂದಮೇಲೆ ಈ ನಂಬಿಕೆಗೆ ಪೆಟ್ಟು ಬಿತ್ತು. ಅದರ ಬೆನ್ನಿಗೇ, ಬರಹ ಮನುಷ್ಯನದೋ ಯಂತ್ರದ್ದೋ ಎಂದು ಹೇಳಿಕೊಡುತ್ತೇವೆ ಎನ್ನುವ ಸಾಧನಗಳೂ ಬಂದವು. ಮೊದಲನೆಯದರ ಬಗ್ಗೆ ಬೇಕಾದಷ್ಟು ಚರ್ಚೆ ನಡೆದಿದೆ. ಎರಡನೆಯದರ ಬಗ್ಗೆ, ಅದರಲ್ಲಿಯೂ ನಮ್ಮಂಥ ಗಡಿಯಾಚೆಯ ಕನ್ನಡಿಗರ ಮೇಲೆ ಅದರ ಪರಿಣಾಮದ ಬಗ್ಗೆ, ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ. ಸಂಸ್ಕೃತದ ಮಾಸ್ತರನಿಗೆ ಯಂತ್ರದ ವಿಷಯದಲ್ಲಿ ಎಂಥ ಅಧಿಕಾರ ಎಂದು ಕೇಳುವವರು ಇರಬಹುದು. ಅನುಮಾನ ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎಂಬುದನ್ನು ಮೂವತ್ತು ವರ್ಷ ತರ್ಕಸಂಗ್ರಹ ಹಿಡಿದುಕೊಂಡು ಪಾಠ ಹೇಳಿದವನು ನಾನು. ಈ ಸಾಧನಗಳು ಮಾಡುವುದೂ ಅನುಮಾನವೇ. ಅಷ್ಟರ ಮಟ್ಟಿಗೆ ಅಧಿಕಾರ ಉಂಟು ಅಂದುಕೊಂಡಿದ್ದೇನೆ.

ಮೊದಲು ಈ ಸಾಧನ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಬರೆಯುವ ಯಂತ್ರ ಒಂದು ಮಾತಾದಮೇಲೆ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುತ್ತ ಹೋಗುತ್ತದೆ. 'ಮಳೆ' ಎಂದ ಕೂಡಲೆ 'ಬಂತು', 'ಸುರಿಯಿತು' ಇವು ಹತ್ತಿರ, 'ಓದಿತು' ದೂರ. ಕೋಟಿಗಟ್ಟಲೆ ವಾಕ್ಯಗಳನ್ನು ಓದಿಸಿ ಈ ಹತ್ತಿರ-ದೂರಗಳನ್ನು ಅದಕ್ಕೆ ಕಲಿಸಿರುತ್ತಾರೆ. ಪತ್ತೆಯ ಸಾಧನ ಇದನ್ನೇ ತಿರುಗಿಸಿ ಹಿಡಿಯುತ್ತದೆ. ಎದುರಿಗಿರುವ ಬರಹದಲ್ಲಿ ಪ್ರತಿ ಮಾತೂ ಊಹಿಸಬಹುದಾದದ್ದೇ ಆಗಿದ್ದರೆ, ವಾಕ್ಯಗಳ ಉದ್ದವೂ ಹೆಚ್ಚುಕಡಮೆ ಒಂದೇ ಆಗಿದ್ದರೆ, ಅದು ಯಂತ್ರದ್ದು. ಅಲ್ಲಲ್ಲಿ ಎಡವಿಸುವಂತೆ ಅನಿರೀಕ್ಷಿತ ಮಾತು ಬಂದು, ಒಂದು ವಾಕ್ಯ ಗಿಡ್ಡ ಒಂದು ಉದ್ದ ಆಗಿದ್ದರೆ ಮನುಷ್ಯನದು. 2023ರ ಜನವರಿಯಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಹೊರತಂದ ಜಿಪಿಟಿಜೀರೋ ಎಂಬ ಸಾಧನ ಈ ಎರಡು ಅಳತೆಗಳನ್ನೇ ಮುಂದಿಟ್ಟುಕೊಂಡು ಪ್ರಸಿದ್ಧವಾಯಿತು. ಆಮೇಲೆ ಬಂದವು ಎರಡೂ ಬಗೆಯ ಬರಹಗಳ ರಾಶಿಯನ್ನು ತೋರಿಸಿ ತರಬೇತಾದ ಸಾಧನಗಳು. ಒಳಗಿನ ಲೆಕ್ಕ ಜಟಿಲ ಆಯಿತೇ ಹೊರತು ಕೊನೆಗೆ ಕೈಗೆ ಬರುವುದು ಅದೇ: ಶೇಕಡಾ ಇಷ್ಟು ಎಂಬ ಒಂದು ಅಂಕಿ.

ಈಗ ತರ್ಕಕ್ಕೆ ಬರೋಣ. ಪರ್ವತದಲ್ಲಿ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇದು ಸರಿಯಾದ ಅನುಮಾನ; ಯಾಕೆಂದರೆ ಬೆಂಕಿಯಿಲ್ಲದೆ ಹೊಗೆಯಾಡುವ ಜಾಗವೇ ಇಲ್ಲ. ಇದನ್ನು ತಲೆಕೆಳಗು ಮಾಡಿ, ಬೆಂಕಿ ಇದೆ ಆದ್ದರಿಂದ ಹೊಗೆ ಇದೆ ಎಂದರೆ ಕೆಟ್ಟಿತು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯ ಸಂಬಂಧ ಬೇಕು. ಅದಕ್ಕೆ ನಮ್ಮವರು 'ಉಪಾಧಿ' ಎಂದರು. ಪತ್ತೆಯ ಸಾಧನದ ಅನುಮಾನವನ್ನು ಈ ಚೌಕಟ್ಟಿಗೆ ಹಾಕಿದರೆ ಹೀಗಾಗುತ್ತದೆ: ಯಂತ್ರದ ಬರಹ ನಯವಾಗಿರುತ್ತದೆ, ಈ ಬರಹ ನಯವಾಗಿದೆ, ಆದ್ದರಿಂದ ಇದು ಯಂತ್ರದ್ದು. 'ನಯವಾಗಿರುವುದು' ಎಂಬ ಹೇತು ಮನುಷ್ಯರ ಬರಹದಲ್ಲಿಯೂ ಸಿಗುತ್ತದಲ್ಲ! ಸಾಧ್ಯ ಇಲ್ಲದ ಕಡೆಯೂ ಹೇತು ಇದ್ದರೆ ಅದು ಸವ್ಯಭಿಚಾರ, ಹೇತ್ವಾಭಾಸಗಳಲ್ಲಿ ಮೊದಲನೆಯದು. ಹಾಗಾದರೆ ಇಲ್ಲಿಯ ಉಪಾಧಿ ಯಾವುದು? ಬರೆದವನ ಸಹಜ ರೂಢಿ ಬೇರೆಯಾಗಿರುವುದು. ಹತ್ತು ವರ್ಷ ಒಬ್ಬನ ಬರವಣಿಗೆ ತಿದ್ದಿದ ಮಾಸ್ತರ, 'ಇದು ಅವನ ಕೈ ಅಲ್ಲ' ಎಂದರೆ ಆ ಮಾತಿಗೆ ತೂಕ ಉಂಟು. ಅವನಿಗೆ ಆ ರೂಢಿ ಗೊತ್ತು. ಮುಖವನ್ನೇ ನೋಡದ ಯಂತ್ರಕ್ಕೆ ಅದು ಗೊತ್ತಿಲ್ಲ.

ಇದು ಬರೀ ಶಾಸ್ತ್ರದ ಮಾತಲ್ಲ, ಪ್ರಯೋಗದಲ್ಲಿಯೂ ಹೀಗೇ ಆಯಿತು. ಚಾಟ್‌ಜಿಪಿಟಿಯನ್ನು ಮಾಡಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿ 31ರಂದು ಒಂದು ಪತ್ತೆಯ ಸಾಧನವನ್ನು ಹೊರತಂದಿತು. ಅವರೇ ಪ್ರಕಟಿಸಿದ ಲೆಕ್ಕದ ಪ್ರಕಾರ ಯಂತ್ರದ ಬರಹಗಳಲ್ಲಿ ಶೇಕಡಾ 26ನ್ನು ಮಾತ್ರ ಅದು ಹಿಡಿಯಿತು; ಮನುಷ್ಯರು ಬರೆದದ್ದರಲ್ಲಿ ಶೇಕಡಾ 9ನ್ನು ಯಂತ್ರದ್ದು ಎಂದಿತು. ಆ ವರ್ಷ ಜುಲೈ ತಿಂಗಳಲ್ಲಿ, ನಿಖರತೆ ಸಾಲದು ಎಂದು ಹೇಳಿ ಅವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಹುಟ್ಟಿಸಿದವರಿಗೇ ತಮ್ಮ ಮಗುವಿನ ಗುರುತು ಸಿಗಲಿಲ್ಲ!

ಈ ಎರಡು ಅಂಕಿಗಳನ್ನು ಒಂದು ತರಗತಿಗೆ ಅನ್ವಯಿಸಿ ನೋಡಬಹುದು. ನೂರು ಪ್ರಬಂಧಗಳು ಬಂದಿವೆ, ಅವುಗಳಲ್ಲಿ ಇಪ್ಪತ್ತು ಯಂತ್ರದವು ಎಂದು ಇಟ್ಟುಕೊಳ್ಳಿ. ಇಪ್ಪತ್ತರಲ್ಲಿ ಐದು ಸಿಕ್ಕಿಬೀಳುತ್ತವೆ. ಉಳಿದ ಎಂಬತ್ತು ಮಕ್ಕಳು ತಾವೇ ಕೂತು ಬರೆದವರು. ಅವರಲ್ಲಿ ಏಳು ಜನರ ಮೇಲೆ ಅಪವಾದ ಬರುತ್ತದೆ. ಅಂತೂ ಹನ್ನೆರಡು ಮಂದಿ ಕಟಕಟೆಯಲ್ಲಿ. ಅವರಲ್ಲಿ ಏಳು ಮಂದಿ ನಿರಪರಾಧಿಗಳು. ನಿಜವಾದ ಹದಿನೈದು ಜನ ಹೊರಗೆ ನಿಂತು ನೋಡುತ್ತಿರುತ್ತಾರೆ. ಆಮೇಲಿನ ಸಾಧನಗಳು ಇದಕ್ಕಿಂತ ಉತ್ತಮ, ನಿಜ. ಟರ್ನಿಟಿನ್ ಸಂಸ್ಥೆ 2023ರ ಏಪ್ರಿಲಿನಲ್ಲಿ ತನ್ನ ಸಾಧನವನ್ನು ಹೊರತರುವಾಗ ಇಂಥ ತಪ್ಪು ಶೇಕಡಾ ಒಂದಕ್ಕಿಂತ ಕಡಮೆ ಎಂದಿತ್ತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದರು: 2022ರಲ್ಲಿ ತಾವು ಪರೀಕ್ಷೆಗೆ ಹಾಕಿದ ಪ್ರಬಂಧಗಳು 75,000, ಶೇಕಡಾ ಒಂದು ಎಂದರೂ 750 ಪ್ರಬಂಧಗಳ ಮೇಲೆ ಸುಳ್ಳು ಆರೋಪ. 2023ರ ಆಗಸ್ಟಿನಲ್ಲಿ ಆ ಸಾಧನವನ್ನು ಅವರು ನಿಲ್ಲಿಸಿಬಿಟ್ಟರು.

ನಮಗೆ ಇನ್ನೂ ಹತ್ತಿರದ ಸಂಗತಿ ಒಂದಿದೆ. 2023ರಲ್ಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಏಳು ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳು ಒಂದು ಕಡೆ. ಅಮೆರಿಕದ ಎಂಟನೆಯ ತರಗತಿಯ ಮಕ್ಕಳು ಬರೆದ 88 ಪ್ರಬಂಧಗಳು ಇನ್ನೊಂದು ಕಡೆ. ಎಂಟನೆಯ ತರಗತಿಯವರು ಹೆಚ್ಚುಕಡಮೆ ಎಲ್ಲರೂ ಪಾರಾದರು. ಟೋಫೆಲ್ ಪ್ರಬಂಧಗಳಲ್ಲಿ ಸರಾಸರಿ ಶೇಕಡಾ 61ರಷ್ಟನ್ನು ಸಾಧನಗಳು ಯಂತ್ರದವು ಎಂದವು. 91ರಲ್ಲಿ 89 ಪ್ರಬಂಧಗಳನ್ನು ಏಳರಲ್ಲಿ ಒಂದಾದರೂ ಸಾಧನ ಸಂಶಯಿಸಿತ್ತು. ಕಾರಣ ಸರಳ. ಕಲಿತ ಭಾಷೆಯಲ್ಲಿ ಬರೆಯುವವನ ಶಬ್ದಸಂಪತ್ತು ಸೀಮಿತ. ಗೊತ್ತಿರುವ ಹತ್ತಿರದ ಮಾತನ್ನೇ ಆರಿಸುತ್ತಾನೆ. ತಪ್ಪಾದೀತೆಂದು ಹೆದರಿ ಪಾಠದಲ್ಲಿ ಓದಿದ ವಾಕ್ಯದಂತೆ ವಾಕ್ಯ ಮಾಡುತ್ತಾನೆ. ಇದರ ಮೇಲೊಂದು ತಮಾಷೆ ಕೇಳಿ. ಅದೇ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಇದರ ಶಬ್ದಗಳನ್ನು ಸ್ವಲ್ಪ ಶ್ರೀಮಂತ ಮಾಡು ಎಂದಾಗ ಸುಳ್ಳು ಆರೋಪ ಶೇಕಡಾ 12ರ ಆಸುಪಾಸಿಗೆ ಇಳಿಯಿತು. ಯಂತ್ರದ ಕೈ ತಾಗಿದ ಮೇಲೆ ಅದು ಮನುಷ್ಯನ ಬರಹ ಆಯಿತು!

ಈಗ ಗೋವಾಕ್ಕೆ ಬರುತ್ತೇನೆ. 2011ರ ಜನಗಣತಿಯ ಪ್ರಕಾರ ಗೋವಾದ ಜನಸಂಖ್ಯೆಯಲ್ಲಿ ಶೇಕಡಾ 4.65 ಮಂದಿ ಕನ್ನಡ ಮನೆಮಾತಿನವರು, ಅಂದರೆ ಸುಮಾರು 68 ಸಾವಿರ. ವಾಸ್ಕೋದ ಬೈನಾ, ಝುವಾರಿನಗರ, ಮಡಗಾಂವ, ಫೋಂಡಾ, ಮಾಪುಸಾ ಈ ಕಡೆಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳ, ಹಾವೇರಿ ಜಿಲ್ಲೆಗಳಿಂದ ದುಡಿಯಲು ಬಂದವರೇ ಬಹಳ. ನನ್ನಂತೆ ಘಟ್ಟದ ಕೆಳಗಿನಿಂದ ಬಂದ ಉತ್ತರಕನ್ನಡದವರೂ ಇದ್ದೇವೆ. ಮನೆಯಲ್ಲಿ 'ಮನಿ', 'ಕತಿ', 'ಬಂದ್ರ', 'ಹೋಗಾಕತ್ತೀನಿ'. ಪೇಟೆಗೆ ಹೋದರೆ ಕೊಂಕಣಿ, ಹಿಂದಿ. ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಬರೆಯಬೇಕಾಗಿ ಬಂದರೆ ಮಾತ್ರ ಪಠ್ಯಪುಸ್ತಕದ ಕನ್ನಡ. ಇಲ್ಲಿ ಹುಟ್ಟಿದ ಮಕ್ಕಳಿಗೆ ಬರಹದ ಕನ್ನಡವೆಂದರೆ ಹೊಲಿಸಿಟ್ಟ ಸಮವಸ್ತ್ರದ ಹಾಗೆ: ಒಂದೇ ಅಳತೆ, ಒಂದೇ ಬಣ್ಣ. 'ಆದ್ದರಿಂದ', 'ಈ ಹಿನ್ನೆಲೆಯಲ್ಲಿ', 'ಮಹತ್ವದ ಪಾತ್ರ ವಹಿಸುತ್ತದೆ' ಈ ಮೂರು ಇಲ್ಲದೆ ಅವರ ಪ್ರಬಂಧ ಮುಗಿಯುವುದಿಲ್ಲ. ಯಂತ್ರದ ಕನ್ನಡದ್ದೂ ಅದೇ ಚಾಳಿ. ಯಾಕೆಂದರೆ ಅದು ಕಲಿತದ್ದೂ ಪತ್ರಿಕೆ, ಪಠ್ಯ, ಸರಕಾರಿ ಕಾಗದ ಇಂಥವುಗಳಿಂದಲೇ. ಒಂದೇ ಗುರುವಿನ ಇಬ್ಬರು ಶಿಷ್ಯರ ಅಕ್ಷರ ಒಂದೇ ತರ ಇದ್ದರೆ ಒಬ್ಬನದನ್ನು ಇನ್ನೊಬ್ಬ ಕದ್ದ ಅಂತ ಹೇಳಲಿಕ್ಕಾದೀತೆ?

ಝುವಾರಿನಗರದಲ್ಲಿ ಹುಟ್ಟಿ ಬೆಳೆದ ಒಬ್ಬಳು ಹುಡುಗಿ, ಕಟ್ಟಡದ ಕೂಲಿಯವರ ಕನ್ನಡದಲ್ಲಿ ಕೆಲಸದ ಶಬ್ದಗಳು ಎಂಬ ವಿಷಯದ ಮೇಲೆ ಪ್ರಬಂಧ ಬರೆದಿದ್ದಳು. ತಂದೆ ಗೌಂಡಿ, ಬಾಗಲಕೋಟೆ ಕಡೆಯವರು. ಅವಳು ಪ್ರಬಂಧ ಕಳಿಸಿದ ಸಂಸ್ಥೆಯವರು, ಇದರ ಬಹುಭಾಗ ಯಂತ್ರ ಬರೆದದ್ದು ಎಂಬ ಷರಾ ಹಾಕಿ ವಾಪಸು ಮಾಡಿದರು. ಪ್ರಬಂಧ ಹಿಡಿದುಕೊಂಡು ನನ್ನ ಹತ್ತಿರ ಬಂದಳು. 'ಗುರುಗಳ, ನಾ ಬರ್ದದ್ದು ನಂದಲ್ಲಂತ ಅಂತಾರ್ರಿ. ಮತ್ತ್ಯಾರದಂತ ತೋರಸ್ರಿ ಅಂದ್ರ ಅದೂ ಹೇಳಂಗಿಲ್ಲ' ಎಂದಳು. 'ಕೂತ್ಕೋ ತಂಗೀ' ಎಂದು ಹೇಳಿ ಓದಿ ನೋಡಿದೆ. ಶಿಷ್ಟ ಕನ್ನಡದಲ್ಲಿ ಬರೆದ ಪೀಠಿಕೆ ಒಣಗಿದ್ದು ಹೌದು. ಒಳಗೆ ಕೊಟ್ಟ ಉದಾಹರಣೆಗಳೆಲ್ಲ ಜೀವಂತ. ಯಾವ ಕೆಲಸದ ಜಾಗ, ಯಾರು ಹೇಳಿದ್ದು, ಯಾವ ತಾರೀಖು ಎಲ್ಲ ಉಂಟು.

ಆಮೇಲೆ ವಿಚಾರಿಸಿದಾಗ ತಿಳಿದ ಸಂಗತಿ ವಿಚಿತ್ರವಾಗಿತ್ತು. ಅವರ ಬಳಿ ಇದ್ದ ಸಾಧನ ಕನ್ನಡವನ್ನು ಓದುವಂಥದೇ ಅಲ್ಲ. ಆದ್ದರಿಂದ ಕಚೇರಿಯ ಯಾರೋ ಒಬ್ಬರು ಅವಳ ಕನ್ನಡವನ್ನು ಗಣಕಯಂತ್ರದಿಂದಲೇ ಇಂಗ್ಲಿಷಿಗೆ ಅನುವಾದ ಮಾಡಿಸಿ, ಆ ಇಂಗ್ಲಿಷನ್ನು ಸಾಧನಕ್ಕೆ ಉಣ್ಣಿಸಿದ್ದರು. ಸಾಧನ ಹೇಳಿದ್ದು ಒಂದರ್ಥದಲ್ಲಿ ಸರಿಯೇ. ಆ ಇಂಗ್ಲಿಷ್ ಯಂತ್ರದ್ದೇ ಆಗಿತ್ತು. ಪಕ್ಷವೇ ಬೇರೆ, ಹೇತು ಇರುವ ಜಾಗವೇ ಬೇರೆ. ಪರ್ವತದಲ್ಲಿ ಬೆಂಕಿ ಇದೆ ಎನ್ನುವುದಕ್ಕೆ ಅಡುಗೆಮನೆಯ ಹೊಗೆಯನ್ನು ತೋರಿಸಿದ ಹಾಗಾಯಿತು. ತರ್ಕದಲ್ಲಿ ಇದಕ್ಕೆ ಸ್ವರೂಪಾಸಿದ್ಧಿ ಎನ್ನುತ್ತಾರೆ: ಹೇತು ಪಕ್ಷದಲ್ಲಿ ಇಲ್ಲವೇ ಇಲ್ಲ. ಇಂಥ ಪರೀಕ್ಷೆ ಇನ್ನೂ ಎಲ್ಲೆಲ್ಲಿ ನಡೆಯುತ್ತಿದೆಯೋ ದೇವರೇ ಬಲ್ಲ. ಸಾಧನಗಳು ಹುಟ್ಟಿದ್ದು ಇಂಗ್ಲಿಷಿಗೆ. ಟರ್ನಿಟಿನ್‌ನದು 2024ರಲ್ಲಿ ಸ್ಪ್ಯಾನಿಷ್ ಓದಿತು, 2025ರಲ್ಲಿ ಜಪಾನೀ ಓದಿತು. ಕನ್ನಡದ ಮಕ್ಕಳು ಮಾತ್ರ ಆ ಅಂಕಿಗೆ ಈಗಾಗಲೇ ಹೆದರುವಂತಾಗಿದೆ.

ನಾಳೆ ಕನ್ನಡ ಓದುವ ಸಾಧನ ಬಂದರೂ ತೊಡಕು ಬೇರೆ ಇವೆ. ಗಣಕಯಂತ್ರದ ಯೂನಿಕೋಡ್ ಲಿಪಿಯಲ್ಲಿ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಸಕಾರ, ತಕಾರ, ರಕಾರ, ನಡುವೆ ಎರಡು ಹಲಂತಗಳು, ಕೊನೆಗೆ ದೀರ್ಘ ಹೀಗೆ ಆರು ಸಂಕೇತಗಳು ಬೇಕು. ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಟ್ಟು ಹದಿನೆಂಟು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಬರೆಯುವ ಯಂತ್ರಗಳು ಮಾತನ್ನು ತುಂಡುಮಾಡಿ ನುಂಗುವಾಗ ಕನ್ನಡ ಶಬ್ದ ಪುಡಿಪುಡಿಯಾಗುತ್ತದೆ. ಅಲ್ಲದೆ ಕನ್ನಡದಲ್ಲಿ ಸಂಧಿ ಮಾಡಿ ಬರೆದರೂ ಸರಿ, ಬಿಡಿಸಿ ಬರೆದರೂ ಸರಿ. 'ಮಾಡುತ್ತಾನೆಂದು ಹೇಳಿದನು' ಎಂದು ಬರೆಯುವವರೂ ಇದ್ದಾರೆ, 'ಮಾಡುತ್ತಾನೆ ಎಂದು ಹೇಳಿದ' ಎಂದು ಬರೆಯುವವರೂ ಇದ್ದಾರೆ. ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣಗಳನ್ನೇ ಕೈಬಿಟ್ಟು ಪುಸ್ತಕಗಳನ್ನು ಬರೆದರು. ಸಂಸ್ಕೃತ ಕಲಿಸಿದ ನನಗೆ ಆ ಮತ ಒಪ್ಪಿಗೆಯಿಲ್ಲ, ಅದು ಬೇರೆ ಮಾತು. ಆದರೆ ಅಂಥ ಬರಹವನ್ನು ಕಂಡು ಲೆಕ್ಕದ ಯಂತ್ರ ಏನು ಹೇಳೀತು? ಓದಿನ ರಾಶಿಯೂ ಸಣ್ಣದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಗಳು ಎಪ್ಪತ್ತು ಲಕ್ಷದ ಸುಮಾರು. ಕನ್ನಡದ್ದರಲ್ಲಿ ಮೂವತ್ತು ಸಾವಿರವನ್ನು ತುಸು ಮೀರಿವೆ. ಅದರಲ್ಲಿ ಉಪಭಾಷೆಯ ಪಾಲು ಎಷ್ಟಿದ್ದೀತು!

ಉಪಭಾಷೆಯ ವಿಷಯಕ್ಕೆ ಬಂದಾಗ ಎರಡು ಬಗೆಯ ಕೇಡು ಒಟ್ಟಿಗೇ ಕಾಣುತ್ತದೆ. ಸಾಧನದ ಲೆಕ್ಕದಲ್ಲಿ ಊರ ಮಾತು ಅನಿರೀಕ್ಷಿತ, ಆದ್ದರಿಂದ ಮನುಷ್ಯನದು. ಹವ್ಯಕರು 'ಎಂದು' ಎನ್ನುವ ಕಡೆ 'ಹೇಳಿ' ಎನ್ನುತ್ತಾರೆ: 'ಅವ ಬತ್ತೆ ಹೇಳಿ ಹೇಳಿದ'. ಇದನ್ನು ಕಂಡರೆ ಸಾಧನ ತಲೆದೂಗಬೇಕು. ಹಾಗಾದರೆ ಮಕ್ಕಳು ಏನು ಮಾಡುತ್ತಾರೆ? ಮನುಷ್ಯರೆಂದು ತೋರಿಸಿಕೊಳ್ಳಲು ಅಲ್ಲೊಂದು ಇಲ್ಲೊಂದು ಊರ ಮಾತು ಸೇರಿಸುತ್ತಾರೆ, ಬೇಕೆಂದೇ ಒಂದೆರಡು ತಪ್ಪು ಬಿಡುತ್ತಾರೆ. ಇದನ್ನು ಹೇಳಿಕೊಡುವವರೂ ಇದ್ದಾರೆಂದು ಕೇಳಿದ್ದೇನೆ. ನಲವತ್ತು ವರ್ಷ ತಪ್ಪು ತಿದ್ದಿದವನಿಗೆ ಇದನ್ನು ಕೇಳಿ ಹೊಟ್ಟೆ ಉರಿಯುತ್ತದೆ. ನಮ್ಮ ಶಾಸನಗಳ ಪರೀಕ್ಷೆಯಲ್ಲಿ ಭಾಷೆ ಕೆಟ್ಟಿದ್ದರೆ ಅದು ಕೂಟಶಾಸನವಿರಬಹುದೆಂದು ಸಂಶಯ. ಈಗ ಭಾಷೆ ನೆಟ್ಟಗಿದ್ದರೆ ಸಂಶಯ!

ಎರಡನೆಯ ಕೇಡು ಇನ್ನೂ ದೊಡ್ಡದು. ಯಂತ್ರವೇ ಊರ ಮಾತನ್ನು ನಟಿಸಲು ಕಲಿಯುತ್ತಿದೆ. ನನ್ನ ಮೊಮ್ಮಗನಿಂದ ಯಂತ್ರಕ್ಕೆ ಹೇಳಿಸಿ, ಬಾಗಲಕೋಟೆಯ ಕನ್ನಡದಲ್ಲಿ ಇಬ್ಬರು ಗೌಂಡಿಗಳ ಸಂಭಾಷಣೆ ಬರೆಸಿದೆ. 'ಹೋಗಾಕತ್ತೀನಿ' ಬಂತು, ಎರಡು ಸಾಲು ಬಿಟ್ಟು 'ಮಾರಾಯ್ರೆ' ಬಂತು, ಅದು ಕರಾವಳಿಯದು, ಮುಂದಿನ ಸಾಲಿನಲ್ಲಿ 'ಮನೆ' ಎಂದು ಎಕಾರ ಹಾಗೆಯೇ ಉಳಿದಿತ್ತು, ಆ ಕಡೆಯವರ ಬಾಯಲ್ಲಿ ಅದು 'ಮನಿ'. ಗೊತ್ತಿದ್ದವರಿಗೆ ನಗು, ಗೊತ್ತಿಲ್ಲದವರಿಗೆ ಇದು ಅಪ್ಪಟ ಉತ್ತರ ಕರ್ನಾಟಕದ ಮಾತು. ಇಂಥದು ನಾಳೆ ಒಂದು ಸಂಗ್ರಹದೊಳಗೆ ಸೇರಿದರೆ, ಅದನ್ನು ಓದಿ ಇನ್ನೊಂದು ಯಂತ್ರ ಕಲಿತರೆ, ನೂರು ವರ್ಷದ ನಂತರದ ಸಂಶೋಧಕ 'ಮಾರಾಯ್ರೆ' ಎಂಬ ರೂಪ ಬಾಗಲಕೋಟೆಯಲ್ಲಿ ಬಳಕೆಯಲ್ಲಿತ್ತು ಎಂದು ಬರೆದಾನು. ಕವಿರಾಜಮಾರ್ಗಕಾರ ಕನ್ನಡದ ದೇಸಿಗಳು ಬೇರೆಬೇರೆ, ಸಾವಿರ ನಾಲಗೆಯ ವಾಸುಕಿಗೂ ಅವು ಬೇಸರ ತರಿಸುವಷ್ಟಿವೆ ಎಂದು ಒಂಬತ್ತನೆಯ ಶತಮಾನದಲ್ಲಿಯೇ ಸೋತು ಹೇಳಿದ್ದಾನೆ. ಯಂತ್ರಕ್ಕೆ ಬೇಸರ ಬರುವುದಿಲ್ಲ. ಅದು ಎಲ್ಲವನ್ನೂ ಕಲಸಿ ಒಂದು ಮಾಡಿ ಬಡಿಸುತ್ತದೆ.

ಹಾಗೆ ನೋಡಿದರೆ ಆ ಕವಿರಾಜಮಾರ್ಗದ ಕರ್ತೃ ಯಾರು? ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ವಿದ್ವಾಂಸರು ಎಷ್ಟು ದಶಕ ವಾದ ಮಾಡಿದರು! ಕುಮಾರಸಂಭವದ ಒಂಬತ್ತನೆಯ ಸರ್ಗದಿಂದ ಮುಂದಿನದು ಕಾಳಿದಾಸನದಲ್ಲ ಎಂಬುದು ಬಹುಮತದ ಅಭಿಪ್ರಾಯ. ಅದು ಶೈಲಿಯೊಂದರಿಂದಲೇ ಬಂದ ತೀರ್ಮಾನವಲ್ಲ. ಮಲ್ಲಿನಾಥ ವ್ಯಾಖ್ಯಾನ ಬರೆದದ್ದು ಮೊದಲ ಎಂಟಕ್ಕೆ ಮಾತ್ರ ಎಂಬಂಥ ಹೊರಗಿನ ಪ್ರಮಾಣಗಳೂ ಕೂಡಿದ ಮೇಲಿನದು. ತಿರುವನಂತಪುರದ ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ಪ್ರಕಟಿಸಿದ ನಾಟಕಗಳು ಭಾಸನವೇ ಹೌದೋ ಎಂಬ ಚರ್ಚೆ ನೂರು ವರ್ಷ ದಾಟಿದರೂ ಮುಗಿದಿಲ್ಲ. ನಮ್ಮ ಗಂಗರ ತಾಮ್ರಪಟಗಳ ಕತೆಯೂ ಹಾಗೆಯೇ. ಅವುಗಳಲ್ಲಿ ಬಹಳಷ್ಟು ಕೂಟ ಎಂದು ಫ್ಲೀಟ್ ಸಾಹೇಬರು. ಅಲ್ಲ ಎಂದು ಬಿ.ಎಲ್. ರೈಸ್ ಸಾಹೇಬರು. ಲಿಪಿಯ ಆಕಾರ, ತಿಥಿವಾರಗಳ ಮೇಳ, ವಂಶಾವಳಿ, ಭಾಷೆ ಎಲ್ಲವನ್ನೂ ಒರೆಗೆ ಹಚ್ಚಿದರು. ಆಮೇಲಿನವರು ಕೆಲವನ್ನು ಒಪ್ಪಿದರು, ಕೆಲವನ್ನು ಬಿಟ್ಟರು. ಲೆಕ್ಕದಿಂದ ಕರ್ತೃವನ್ನು ಹಿಡಿದದ್ದೂ ಇಲ್ಲವೆಂದಲ್ಲ. ಅಮೆರಿಕದ ಫೆಡರಲಿಸ್ಟ್ ಪ್ರಬಂಧಗಳಲ್ಲಿ ವಿವಾದದ ಹನ್ನೆರಡು ಯಾರವು ಎಂದು ಮೋಸ್ಟೆಲರ್ ಮತ್ತು ವಾಲೆಸ್ ಎಂಬ ಇಬ್ಬರು 1964ರಲ್ಲಿ ಸಣ್ಣಸಣ್ಣ ಶಬ್ದಗಳ ಎಣಿಕೆಯಿಂದ ತೋರಿಸಿದರು. ಆದರೆ ಅಲ್ಲಿ ಇದ್ದವರು ಇಬ್ಬರೇ, ಹ್ಯಾಮಿಲ್ಟನ್ ಇಲ್ಲವೆ ಮ್ಯಾಡಿಸನ್; ಇಬ್ಬರದ್ದೂ ನಿಸ್ಸಂಶಯವಾದ ಬರಹ ರಾಶಿ ರಾಶಿ ಎದುರಿಗಿತ್ತು. ಮೂರು ಪುಟದ ಪ್ರಬಂಧಕ್ಕೆ, ಬರೆದವಳ ಇನ್ನೊಂದು ಸಾಲನ್ನೂ ನೋಡದೆ, ಅರ್ಧ ನಿಮಿಷದಲ್ಲಿ ತೀರ್ಪು ಕೊಡುವುದಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆ?

ಯಂತ್ರದ ಬರಹದಲ್ಲೇ ಗುಟ್ಟಾದ ಗುರುತು ಇಟ್ಟುಬಿಟ್ಟರೆ ಆಗದೆ ಎಂಬ ಪ್ರಶ್ನೆ ಸಹಜ. ಅದನ್ನೂ ಮಾಡಿದ್ದಾರೆ. ಗೂಗಲ್ ಸಂಸ್ಥೆಯ ಸಿಂಥ್‌ಐಡಿ ಎಂಬ ಉಪಾಯದ ವಿವರ 2024ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದಿನ ಮಾತನ್ನು ಆರಿಸುವಾಗ ಒಂದು ಗುಟ್ಟಿನ ಸೂತ್ರದ ಪ್ರಕಾರ ಕೆಲವು ಮಾತುಗಳ ಕಡೆ ತಕ್ಕಡಿಯನ್ನು ಸ್ವಲ್ಪ ವಾಲಿಸುತ್ತಾರೆ. ಓದುವವನಿಗೆ ತಿಳಿಯುವುದಿಲ್ಲ, ಸೂತ್ರ ಇದ್ದವನಿಗೆ ತಿಳಿಯುತ್ತದೆ. ಇದು ನಮಗೆ ಹೊಸತೇನಲ್ಲ. ವಚನಕಾರರ, ದಾಸರ ಅಂಕಿತ ಇದೇ ಅಲ್ಲವೆ? ಅಂಕಿತದ ಗತಿಯೇನಾಯಿತೆಂಬುದೂ ನಮಗೆ ಗೊತ್ತು. ಕೂಡಲಸಂಗಮದೇವ ಎಂಬ ಅಂಕಿತ ಇಟ್ಟು ಬೇರೆಯವರು ಬರೆದರು. ಪುರಂದರವಿಠಲನ ಹೆಸರಲ್ಲಿ ಹಾಡುವ ಎಷ್ಟೋ ಹಾಡುಗಳ ಬಗ್ಗೆ ಸಂಶಯವಿದೆ. ಸಿಂಥ್‌ಐಡಿಯಂಥ ಗುರುತನ್ನು ನಕಲು ಮಾಡುವುದು ಅಷ್ಟು ಸುಲಭವಲ್ಲ, ಅಳಿಸುವುದು ಸುಲಭ. ಬೇರೆ ಮಾತಿನಲ್ಲಿ ತಿರುಗಿಸಿ ಬರೆದರೆ ಮಸುಕಾಗುತ್ತದೆ, ಇಂಗ್ಲಿಷಿನಲ್ಲಿ ಬರೆಸಿ ಕನ್ನಡಕ್ಕೆ ತಂದರೆ ಹೋಗಿಯೇಬಿಡುತ್ತದೆ. ಗುರುತು ಇಡದ ಯಂತ್ರಗಳಂತೂ ಬೇಕಾದಷ್ಟಿವೆ.

ನಮ್ಮಲ್ಲಿ ಇನ್ನೊಂದು ಗೊಂದಲ ಉಂಟು. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಗಳನ್ನು ಮಾಡಿತು. ಸಾಮ್ಯ ಶೇಕಡಾ 10ರವರೆಗೆ ಇದ್ದರೆ ದಂಡನೆ ಇಲ್ಲ, ಅಲ್ಲಿಂದ 40ರವರೆಗೆ ಒಂದು ಹಂತ, 60ರವರೆಗೆ ಇನ್ನೊಂದು, ಅದರಾಚೆ ಮತ್ತೊಂದು. ಅದರ ಅಂಕಿಯೂ ಶೇಕಡಾ, ಇದರದ್ದೂ ಶೇಕಡಾ. ಎರಡನ್ನೂ ಒಂದೇ ಎಂದು ತಿಳಿಯುವವರೇ ಬಹಳ. ಕೃತಿಚೌರ್ಯದ ಸಾಧನ ಮೂಲವನ್ನು ತಂದು ಪಕ್ಕದಲ್ಲಿಡುತ್ತದೆ. ಕಣ್ಣಿದ್ದವರು ಎರಡನ್ನೂ ಹೋಲಿಸಬಹುದು. ಅಲ್ಲಿ ಪ್ರತ್ಯಕ್ಷ ಉಂಟು. ಯಂತ್ರಬರಹದ ಸಾಧನಕ್ಕೆ ತೋರಿಸಲು ಮೂಲವೇ ಇಲ್ಲ. 'ಅದು ಹಾಗೆ ಹೇಳಿತು' ಎಂಬಷ್ಟೇ. ಆರೋಪಿ ಏನನ್ನು ಅಲ್ಲಗಳೆಯಬೇಕು? 2024ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿಗೆ ಒಬ್ಬ ಕಾನೂನು ವಿದ್ಯಾರ್ಥಿ ಇದೇ ಪ್ರಶ್ನೆ ಹಿಡಿದುಕೊಂಡು ಹೋದ. ಉತ್ತರಪತ್ರಿಕೆ ಯಂತ್ರದ್ದೆಂದು ಅವನನ್ನು ಅನುತ್ತೀರ್ಣ ಮಾಡಿದ್ದರು. ಪ್ರಕರಣ ನಡೆಯುತ್ತಿರುವಾಗಲೇ ವಿಶ್ವವಿದ್ಯಾಲಯ ಅವನನ್ನು ಉತ್ತೀರ್ಣನೆಂದಿತು, ಅರ್ಜಿ ಅಲ್ಲಿಗೆ ಮುಗಿಯಿತು. ಪ್ರಶ್ನೆ ಉಳಿಯಿತು.

ಯಂತ್ರದಿಂದ ಬರೆಸಿ ತಂದು ತಮ್ಮದೆನ್ನುವವರು ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದ್ದಾರೆ, ಹೆಚ್ಚುತ್ತಿದ್ದಾರೆ. ಅವರನ್ನು ಹಿಡಿಯುವ ದಾರಿ ನಮ್ಮ ಕ್ಷೇತ್ರದಲ್ಲಿ ಮೊದಲೇ ಇದೆ. 1960-70ರ ದಶಕಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಆಶ್ರಯದಲ್ಲಿ ನಂಜನಗೂಡು, ಗುಲಬರ್ಗಾ, ತಿಪಟೂರು, ಬಾರ್ಕೂರು ಕನ್ನಡಗಳ ವರ್ಣನೆಗಳು ಬಂದಾಗ ಅವು ನಿಂತದ್ದು ಕ್ಷೇತ್ರಕಾರ್ಯದ ಮೇಲೆ: ಊರಿಗೆ ಹೋಗಿ, ಮಾಹಿತಿದಾರರ ಎದುರು ಕೂತು, ಕೇಳಿ ಬರೆದುಕೊಂಡದ್ದರ ಮೇಲೆ. ಆ ಹುಡುಗಿಯ ವಿಷಯದಲ್ಲಿಯೂ ನಾವು ಮಾಡಿದ್ದು ಅದೇ. ಅವಳ ಮೂರು ನೋಟುಪುಸ್ತಕ, ಫೋನಿನಲ್ಲಿ ಧ್ವನಿಮುದ್ರಿಸಿದ ಸಂಭಾಷಣೆಗಳು, ಮೊದಲ ಕರಡು, ತಿದ್ದಿದ ಕರಡು ಎಲ್ಲವನ್ನೂ ಜೋಡಿಸಿ ಕಳಿಸಿದೆವು. ಅವಳನ್ನು ಕರೆದು ಅರ್ಧ ಗಂಟೆ ಮಾತಾಡಿಸಿ ಎಂದೂ ಬರೆದೆವು. ಮಾತಾಡಿಸಿದರು. ಯಾವ ಶಬ್ದ ಯಾವ ಕೆಲಸದ ಹಂತದಲ್ಲಿ ಬರುತ್ತದೆ ಎಂದು ಅವಳು ಕೈ ಆಡಿಸಿ ತೋರಿಸಿದ ಮೇಲೆ ಅವರಿಗೂ ಸಾಕಾಯಿತು, ಪ್ರಬಂಧ ಸ್ವೀಕಾರವಾಯಿತು. ಷರಾವನ್ನು ಮಾತ್ರ ಕಡತದಿಂದ ತೆಗೆಯಲಿಲ್ಲ.

ಈ ಗೋಷ್ಠಿಯ ಸಂಪಾದಕರಲ್ಲಿ ನನ್ನ ಬಿನ್ನಹ ಇಷ್ಟು. ಮುಂದಿನ ಸಂಪುಟಕ್ಕೆ ಪ್ರಬಂಧ ಕೇಳುವಾಗ ಯಾವ ಸಾಧನದ ಅಂಕಿಯನ್ನೂ ಕೇಳಬೇಡಿ. ಕ್ಷೇತ್ರದ ಟಿಪ್ಪಣಿ, ಧ್ವನಿಮುದ್ರಣ, ಕರಡು ಕೇಳಿ. ಯಂತ್ರದ ಸಹಾಯ ಎಲ್ಲಿ ತೆಗೆದುಕೊಂಡೆ ಎಂದು ಲೇಖಕರೇ ಒಂದು ಸಾಲು ಬರೆಯಲಿ. ಇದರಲ್ಲಿ ಒಂದು ತೊಡಕು ಉಳಿಯುತ್ತದೆ, ಅದನ್ನೂ ಗೋಷ್ಠಿಯ ಮುಂದಿಡುತ್ತೇನೆ. 2017ರಿಂದ ಫೋನಿನಲ್ಲಿ ಕನ್ನಡವನ್ನು ಬಾಯಿಂದ ಹೇಳಿದರೆ ಅದೇ ಬರೆದುಕೊಳ್ಳುವ ಸೌಲಭ್ಯ ಉಂಟು. ಕಣ್ಣು ಮಂಜಾದ ನಮ್ಮಂಥವರಿಗೆ ದೊಡ್ಡ ಉಪಕಾರ. ಬೈನಾದ ಒಬ್ಬ ಹಿರಿಯರು ತಮ್ಮ ಊರ ಕತೆಗಳನ್ನು ಹೀಗೆಯೇ ಹೇಳಿ ಬರೆಸುತ್ತಿದ್ದಾರೆ. ಅವರು 'ಹೋಗಾಕತ್ತೀನಿ' ಎಂದದ್ದು ಕೆಲವೊಮ್ಮೆ ತೆರೆಯ ಮೇಲೆ 'ಹೋಗುತ್ತಿದ್ದೇನೆ' ಎಂದು ಮೂಡುತ್ತದೆ. ಕತೆ ಅವರದು, ನೆನಪು ಅವರದು, ಕ್ರಿಯಾಪದ ಯಂತ್ರದ್ದು. ಇದನ್ನು ಯಾರ ಬರಹವೆಂದು ಎಣಿಸಬೇಕೆಂದು ನೀವೇ ಚರ್ಚಿಸಿ ಹೇಳಬೇಕು. ಸದ್ಯಕ್ಕೆ ನಾನು ಅವರಿಗೆ ಹೇಳಿದ್ದು ಒಂದೇ: ಬರೆಸುವಾಗ ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟು ನಿಮ್ಮ ಧ್ವನಿಯನ್ನು ಹಾಗೆಯೇ ಹಿಡಿದಿಡಿ, ಅಕ್ಷರ ಆಮೇಲೆ ನಾವು ತಿದ್ದೋಣ.